ಕೆಮ್ಮುವವರು ಆಗಲೇ ಬಂದು ಹೋಗಿದ್ದರು

1960–61ರಲ್ಲಿ ತುಮಕೂರು ಜಿಲ್ಲೆಯ ಆಯ್ದ ಹಳ್ಳಿ, ಪಟ್ಟಣಗಳಿಗೆ ಬೆಂಗಳೂರಿನಿಂದ ಒಂದು ತಂಡ ಬಂತು. ಬಳ್ಳಾರಿ ರಸ್ತೆಯಲ್ಲಿ ಆಗತಾನೇ ಕೆಲಸ ಶುರುಮಾಡಿದ್ದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಜನ ಅವರು. ಮನೆಮನೆಗೆ ಹೋಗಿ ಹೆಸರು, ವಯಸ್ಸು ಬರೆದುಕೊಂಡರು. ಸೋಂಕು ತಗುಲಿದೆಯೇ ಎಂದು ತಿಳಿಯಲು ಮುಂಗೈಗೆ ಟ್ಯೂಬರ್ಕ್ಯುಲಿನ್ ಚುಚ್ಚಿ, ಕೆಲವು ದಿನ ಬಿಟ್ಟು ಬಂದು ಊತ ಅಳೆದರು. ಎದೆಯ ಎಕ್ಸ್-ರೇ ತೆಗೆದರು, ನೆರಳು ಕಂಡವರ ಕಫವನ್ನು ಪರೀಕ್ಷೆಗೆ ಒಯ್ದರು. ಅದೇ ಸಂಸ್ಥೆಯ ರಾಜ್ ನಾರಾಯಣ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸಾವಿರಕ್ಕೆ ಸುಮಾರು 4 ಜನರ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇತ್ತು. ಕ್ಷಯ ಪೇಟೆಯವರ ಕಾಯಿಲೆ, ಗಾಳಿ ಬೆಳಕಿರುವ ಹಳ್ಳಿಯಲ್ಲಿ ಅದರ ಕಾಟ ಕಡಿಮೆ ಎಂಬ ತಿಳಿವಳಿಕೆಯನ್ನು 1955–58ರ ರಾಷ್ಟ್ರೀಯ ಸಮೀಕ್ಷೆಯೇ ಅಲುಗಿಸಿತ್ತು. ತುಮಕೂರಿನ ಅಂಕಿ ಆ ಸಮೀಕ್ಷೆಯ ಮಾತನ್ನು ಗಟ್ಟಿಮಾಡಿತು.

ಈ ಸಮೀಕ್ಷೆಯ ಬೆನ್ನಿಗೇ ಅದೇ ಜಿಲ್ಲೆಯಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಸಾಮಾನ್ಯ ಓದುಗರಿಗೆ ಅದರ ಪರಿಚಯ ಇಲ್ಲವೇ ಇಲ್ಲ ಎನ್ನಬಹುದು, ತುಮಕೂರಿನವರಿಗೂ ಇಲ್ಲ. ವೈದ್ಯರಾಗಿದ್ದು ಸಮಾಜ ವಿಜ್ಞಾನದ ಕಡೆ ಹೊರಳಿದ್ದ ದೇಬಬರ್ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಸೇರಿ ಮಾಡಿದ ಕೆಲಸ ಅದು. ಎಕ್ಸ್-ರೇಯಲ್ಲಿ ನೆರಳು ಕಂಡವರನ್ನೂ, ಅವರಷ್ಟೇ ವಯಸ್ಸಿನ, ನೆರಳು ಕಾಣದ ಬೇರೆಯವರನ್ನೂ ಹುಡುಕಿಕೊಂಡು ಹೋಗಿ ಮಾತನಾಡಿಸಿದರು. ಕೆಮ್ಮಿದೆಯೇ? ಜ್ವರ, ಎದೆನೋವು, ಕಫದಲ್ಲಿ ರಕ್ತ? ಇದ್ದರೆ ಅದರ ಬಗ್ಗೆ ಏನನ್ನಿಸುತ್ತದೆ? ಏನಾದರೂ ಮಾಡಿದಿರಾ? ಎಲ್ಲಿಗೆ ಹೋದಿರಿ?

ಈ ಪ್ರಶ್ನೆಗಳನ್ನು ಕೇಳಲು ಕಾರಣವಿತ್ತು. ಹಳ್ಳಿಯ ಜನಕ್ಕೆ ಕಾಯಿಲೆಯ ಅರಿವಿಲ್ಲ, ಅವರು ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್-ರೇ ವ್ಯಾನುಗಳಲ್ಲಿ ಊರೂರು ಸುತ್ತಿ ರೋಗಿಗಳನ್ನು ಹುಡುಕಿ ತೆಗೆಯಬೇಕು ಎಂಬುದು ಆ ಕಾಲದ ತಜ್ಞರ ಗಟ್ಟಿ ನಂಬಿಕೆ. ಐರೋಪ್ಯ ದೇಶಗಳಲ್ಲಿ ಹಾಗೆಯೇ ಮಾಡಿದ್ದರು. ಬಡ ದೇಶವೊಂದು ಅಷ್ಟು ವ್ಯಾನು, ಫಿಲಂ, ತಂತ್ರಜ್ಞರನ್ನು ಎಲ್ಲಿಂದ ತರಬೇಕು ಎಂಬುದಕ್ಕೆ ಮಾತ್ರ ಯಾರ ಬಳಿಯೂ ಉತ್ತರವಿರಲಿಲ್ಲ.

ಕಫದಲ್ಲಿ ಬ್ಯಾಕ್ಟೀರಿಯಾ ಇದ್ದವರ ಉತ್ತರಗಳನ್ನು ಒಟ್ಟು ಹಾಕಿದಾಗ ಆ ನಂಬಿಕೆ ನಿಲ್ಲಲಿಲ್ಲ. ಅವರಲ್ಲಿ 95% ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು. 72% ಜನ ಅದರ ಬಗ್ಗೆ ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ, ಅಂದರೆ 52%, ಆಗಲೇ ಇಂಗ್ಲಿಷ್ ಔಷಧಿ ಕೊಡುವ ಕಡೆ ಹೋಗಿ ಬಂದಿದ್ದರು. ಬಸ್ಸು ಅಪರೂಪವಾಗಿದ್ದ, ಒಂದು ದಿನ ಕೆಲಸ ಬಿಟ್ಟರೆ ಒಲೆ ಹೊತ್ತುವುದೇ ಕಷ್ಟವಾಗಿದ್ದ ಕಾಲದಲ್ಲಿ, ಜ್ವರದ ಮೈಯಲ್ಲಿ ನಡೆದು ಹೋಗಿ ಸರತಿಯಲ್ಲಿ ನಿಂತಿದ್ದರು. ಅಲ್ಲಿ ಬಹುತೇಕರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಅವರಲ್ಲಿ ಹೆಚ್ಚಿನವರ ಕಫ ಪರೀಕ್ಷೆಯೇ ಆಗಿರಲಿಲ್ಲ.

ಈ ಒಂದು ಫಲಿತಾಂಶದ ತೂಕ ಸಾಮಾನ್ಯವಲ್ಲ. ರೋಗಿಯ ಅಜ್ಞಾನ ಎಂದುಕೊಂಡಿದ್ದು ವ್ಯವಸ್ಥೆಯ ಅಲಕ್ಷ್ಯವಾಗಿತ್ತು. ಕೆಮ್ಮುವವರು ಆಗಲೇ ನಮ್ಮ ಬಾಗಿಲಿಗೆ ಬಂದು ಹೋಗಿದ್ದಾರೆ ಎಂದಾದರೆ, ಮೊದಲು ಸರಿಮಾಡಬೇಕಾದ್ದು ಆ ಬಾಗಿಲನ್ನು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಒಂದು ಸೂಕ್ಷ್ಮದರ್ಶಕ, ಅದನ್ನು ನೋಡಬಲ್ಲ ಒಬ್ಬ ಸಿಬ್ಬಂದಿ, ಕಪಾಟಿನಲ್ಲಿ ಮಾತ್ರೆ. ಅಷ್ಟು ಇದ್ದರೆ ಕಷ್ಟದಲ್ಲಿರುವ ರೋಗಿಗಳ ದೊಡ್ಡ ಭಾಗವನ್ನು ಹಿಡಿಯಬಹುದಿತ್ತು.

ಮಾತ್ರೆಯಿಂದ ಮನೆಯಲ್ಲೇ ಗುಣವಾಗುತ್ತದೆ ಎಂಬುದೂ ಆಗಷ್ಟೇ ಸಾಬೀತಾಗಿತ್ತು. ಅದಕ್ಕೆ ಮುಂಚೆ ಕ್ಷಯಕ್ಕೆ ಇದ್ದ ಉಪಾಯ ಸ್ಯಾನಟೋರಿಯಂ ಒಂದೇ: ಒಳ್ಳೆಯ ಗಾಳಿ, ವಿಶ್ರಾಂತಿ, ಊಟ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಇದೇ ರೋಗದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿದ್ದು. ಅರಮನೆಯ ಗೋಡೆಯೂ ಈ ರೋಗವನ್ನು ತಡೆದಿರಲಿಲ್ಲ. 1952ರಲ್ಲಿ ಐಸೋನಿಯಾಜಿಡ್ ಬಂದ ಮೇಲೆ ಚಿತ್ರ ಬದಲಾಯಿತು. 1956ರಲ್ಲಿ ಮದ್ರಾಸಿನಲ್ಲಿ ವ್ಯಾಲೇಸ್ ಫಾಕ್ಸ್ ಮುಂದಾಳತ್ವದಲ್ಲಿ 193 ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಸ್ಯಾನಟೋರಿಯಂನಲ್ಲಿ, ಇನ್ನೊಂದನ್ನು ಕಿಕ್ಕಿರಿದ ಮನೆಗಳಲ್ಲೇ ಇಟ್ಟು ಅದೇ ಔಷಧಿ ಕೊಟ್ಟರು. ಒಂದು ವರ್ಷದ ಕೊನೆಗೆ ಎರಡೂ ಗುಂಪಿನ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಮನೆಯಲ್ಲೇ ಇದ್ದ ರೋಗಿಗಳಿಂದ ಅವರ ಮನೆಮಂದಿಗೆ ಹೆಚ್ಚುವರಿ ಅಪಾಯವೂ ಆಗಿರಲಿಲ್ಲ, ಏಕೆಂದರೆ ಔಷಧಿ ಶುರುವಾದ ಕೆಲವೇ ವಾರಗಳಲ್ಲಿ ರೋಗಿ ಸೋಂಕು ಹರಡುವುದು ಬಹಳ ಕಡಿಮೆಯಾಗುತ್ತದೆ. ಅಪಾಯವೆಲ್ಲ ರೋಗ ಪತ್ತೆಯಾಗುವುದಕ್ಕೆ ಹಿಂದಿನ ತಿಂಗಳುಗಳಲ್ಲಿ.

ಮದ್ರಾಸಿನ ಉತ್ತರ, ತುಮಕೂರಿನ ಉತ್ತರ ಎರಡನ್ನೂ ಜೋಡಿಸಿ 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು. ಕ್ಷಯಕ್ಕೆಂದೇ ಪ್ರತ್ಯೇಕ ಪಡೆ ಕಟ್ಟದೆ, ಇರುವ ಆರೋಗ್ಯ ಕೇಂದ್ರಗಳಲ್ಲೇ ಆ ಕೆಲಸವನ್ನು ಬೆಸೆಯುವುದು, ಜಿಲ್ಲೆಯನ್ನು ಘಟಕವಾಗಿ ಹಿಡಿಯುವುದು ಅದರ ಅಡಿಪಾಯ. ಆಗ ಬೆಂಗಳೂರಿನ ಸಂಸ್ಥೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಕೆಲಸ ಮಾಡಿದ್ದ ಡೆನ್ಮಾರ್ಕಿನ ವೈದ್ಯ ಹಾಫ್‌ಡನ್ ಮಾಲರ್ 1973ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಆಲ್ಮಾ ಆಟಾ ಘೋಷಣೆ, ಅಂದರೆ ಪ್ರಾಥಮಿಕ ಆರೋಗ್ಯ ಸೇವೆಯೇ ಎಲ್ಲಕ್ಕೂ ಬುಡ ಎಂಬ ಜಾಗತಿಕ ಒಪ್ಪಂದ, ಅವರ ಕಾಲದ್ದು. ಜನರ ಸಂಕಟ ಎಲ್ಲಿದೆಯೋ ಅಲ್ಲಿಂದ ಕಾರ್ಯಕ್ರಮ ಶುರುವಾಗಬೇಕು ಎಂಬ ಆ ವಿಚಾರದ ಬೇರುಗಳಲ್ಲಿ ಒಂದು ತುಮಕೂರಿನ ಮಣ್ಣಿನಲ್ಲಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಒಂದು ಸೀಸೆ ಕೆಮ್ಮಿನ ಔಷಧಿಗೆ ರೋಗಿ ತೆರುವ ಬೆಲೆ ಎಷ್ಟು ಎಂಬುದನ್ನೂ ಬೆಂಗಳೂರಿನ ಅದೇ ಕ್ಷಯರೋಗ ಸಂಸ್ಥೆ ತೋರಿಸಿತು. 1960ರ ದಶಕದಲ್ಲಿ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಐದು ವರ್ಷ ಮತ್ತೆ ಮತ್ತೆ ನೋಡಿದಾಗ, ಕಾರ್ಯಕ್ರಮದ ಚಿಕಿತ್ಸೆ ಇನ್ನೂ ತಲುಪಿರದ ಆ ಊರುಗಳ ಕ್ಷಯರೋಗಿಗಳಲ್ಲಿ 49% ಜನ ಐದು ವರ್ಷದೊಳಗೆ ಸತ್ತಿದ್ದರು. 18% ಜನರ ಕಫದಲ್ಲಿ ಬ್ಯಾಕ್ಟೀರಿಯಾ ಹಾಗೇ ಉಳಿದಿತ್ತು. ಉಳಿದ ಮೂರನೇ ಒಂದು ಭಾಗದವರು ತಮ್ಮಷ್ಟಕ್ಕೆ ಚೇತರಿಸಿಕೊಂಡಿದ್ದರು. ಇಂಥ ಅಧ್ಯಯನ ಇಂದು ಸಾಧ್ಯವಿಲ್ಲ, ಆಗಲೂಬಾರದು. ಆದರೆ ಆ ಹಳ್ಳಿಗಳವರ ಬದುಕಿನಿಂದ ಬಂದ ಆ ಮೂರು ಅಂಕಿಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿವೆ.

ಈ ಬ್ಯಾಕ್ಟೀರಿಯಾ ವಿಚಿತ್ರ ನಿಧಾನದ್ದು. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾದರೆ ಇದಕ್ಕೆ 15ರಿಂದ 20 ಗಂಟೆ ಬೇಕು. ಮೇಣದಂಥ ದಪ್ಪ ಹೊದಿಕೆಯೊಳಗೆ, ನಮ್ಮದೇ ರಕ್ಷಣಾ ಕೋಶಗಳ ಒಳಗೆ, ವರ್ಷಗಟ್ಟಲೆ ಮಲಗಿರಬಲ್ಲದು. ಸೋಂಕು ತಗುಲಿದ ನೂರು ಜನರಲ್ಲಿ 5ರಿಂದ 10 ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ಬರುತ್ತದೆ. ಔಷಧಿ ಬಹುತೇಕ ಬ್ಯಾಕ್ಟೀರಿಯಾಗಳನ್ನು ಎರಡು ತಿಂಗಳೊಳಗೆ ಮುಗಿಸಿಬಿಡುತ್ತದೆ. ರೋಗಿಗೆ ಹಸಿವು ಮರಳಿ, ಕೆಮ್ಮು ನಿಂತು, ಗುಣವಾಯಿತೆಂದು ಅನ್ನಿಸುವುದು ಆಗಲೇ. ಈಗಿನ ಆರು ತಿಂಗಳ ಚಿಕಿತ್ಸೆಯಲ್ಲಿ ಉಳಿದ ನಾಲ್ಕು ತಿಂಗಳ ಮಾತ್ರೆ ಆ ಮಲಗಿರುವ ಕೆಲವಕ್ಕಾಗಿ. ಕಾರ್ಯಕ್ರಮದ ಇಡೀ ಕಷ್ಟ ಈ ನಾಲ್ಕು ತಿಂಗಳಲ್ಲಿದೆ. ಹಳೆಯ ಚಿಕಿತ್ಸೆ ಒಂದು ವರ್ಷ, ಒಂದೂವರೆ ವರ್ಷ ಎಳೆಯುತ್ತಿತ್ತು. ನಡುವೆ ದಾಸ್ತಾನು ಮುಗಿಯುತ್ತಿತ್ತು. ಚಿಕಿತ್ಸೆ ಪೂರೈಸುವವರು ಅರ್ಧಕ್ಕಿಂತ ಕಡಿಮೆ ಎಂದು 1992ರ ಪರಿಶೀಲನೆ ಕಂಡುಕೊಂಡ ಮೇಲೆ ಕಾರ್ಯಕ್ರಮವನ್ನು ಹೊಸದಾಗಿ ಕಟ್ಟಬೇಕಾಯಿತು. ರಿಫಾಂಪಿಸಿನ್ ಸೇರಿದ ಆರು ತಿಂಗಳ ಚಿಕಿತ್ಸೆ ಬಂತು. ಅದು ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ, ರಕ್ತ ಹೋಗುತ್ತಿದೆಯೆಂದು ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ಮೊದಲ ದಿನವೇ ಈ ಒಂದು ಮಾತು ಹೇಳಿಬಿಡುವ ಆಶಾ ಕಾರ್ಯಕರ್ತೆ ಎಷ್ಟು ದೊಡ್ಡ ಕೆಲಸ ಮಾಡುತ್ತಾಳೆಂದು ಬೇರೆ ಹೇಳಬೇಕಿಲ್ಲ.

ಈಗ ಹೊಸ ಅಂಕಿಗಳಿಗೆ ಬರೋಣ. 2019–21ರಲ್ಲಿ ದೇಶದಾದ್ಯಂತ 3 ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕ್ಷಯದ ಲಕ್ಷಣಗಳಿದ್ದವರಲ್ಲಿ ಸುಮಾರು 64% ಜನ ಎಲ್ಲಿಗೂ ಹೋಗಿರಲಿಲ್ಲ. ಲಕ್ಷಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದೇ ಅವರಲ್ಲಿ ಹೆಚ್ಚಿನವರು ಕೊಟ್ಟ ಕಾರಣ. ಹಾಗಾದರೆ ತುಮಕೂರಿನ ಪಾಠ ಸುಳ್ಳಾಯಿತೇ? ಈ ಪ್ರಶ್ನೆ ನಿಜವಾದದ್ದು, ಅದನ್ನು ತಳ್ಳಿಹಾಕಲಾಗದು. ಆದರೆ ಎರಡು ಶೇಕಡಾವಾರುಗಳು ಯಾರ ಪೈಕಿ ಎಂಬುದನ್ನು ನೋಡಬೇಕು. ತುಮಕೂರಿನ 52% ಎಂಬುದು ಕಫದಲ್ಲಿ ಬ್ಯಾಕ್ಟೀರಿಯಾ ಖಚಿತವಾದ ರೋಗಿಗಳ ಪೈಕಿ. ಹೊಸ ಸಮೀಕ್ಷೆಯ 64% ಎಂಬುದು ಎರಡು ವಾರದ ಕೆಮ್ಮು, ಜ್ವರ, ತೂಕ ಇಳಿಕೆ ಇಂಥ ಯಾವುದಾದರೊಂದು ಲಕ್ಷಣ ಇದ್ದ ಎಲ್ಲರ ಪೈಕಿ. ಅವರಲ್ಲಿ ಬಹುಪಾಲಿನವರಿಗೆ ಕ್ಷಯವೇ ಇರಲಿಲ್ಲ. ಜಾಸ್ತಿ ನರಳುವವರು ಜಾಸ್ತಿ ಹೋಗುತ್ತಾರೆ. ಎರಡೂ ಮಾತು ಒಟ್ಟಿಗೆ ನಿಜವಾಗಿರಬಹುದು.

ಆ ಸಮೀಕ್ಷೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಅಂಕಿ. ಪತ್ತೆಯಾದ ರೋಗಿಗಳಲ್ಲಿ ಸುಮಾರು 43% ಜನರನ್ನು ಎಕ್ಸ್-ರೇ ಇಲ್ಲದಿದ್ದರೆ ಗುರುತಿಸಲು ಆಗುತ್ತಿರಲಿಲ್ಲ. ಲಕ್ಷಣ ಕೇಳಿದರೆ ಅವರು ಇಲ್ಲ ಎನ್ನುತ್ತಿದ್ದರು. ಕೆಮ್ಮುವವರು ತಾವಾಗಿ ಬರುತ್ತಾರೆ. ಕೆಮ್ಮದವರು ಏಕೆ ಬರಬೇಕು? ತುಮಕೂರು ಅಧ್ಯಯನದ ತರ್ಕ ಈ ಗಡಿಯವರೆಗೆ ಬಂದು ನಿಲ್ಲುತ್ತದೆ. 2024ರ ಡಿಸೆಂಬರ್ 7ರಂದು ಶುರುವಾದ, ಕ್ಷಯದ ವಿರುದ್ಧದ ನೂರು ದಿನಗಳ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರಗಳನ್ನು ಹಳ್ಳಿಗಳಿಗೆ ಒಯ್ದದ್ದು ಇದೇ ಕಾರಣಕ್ಕೆ. ಅರವತ್ತು ವರ್ಷದ ಹಿಂದೆ ದುಬಾರಿಯೆಂದು ಕೈಬಿಟ್ಟ ಎಕ್ಸ್-ರೇ ವ್ಯಾನು ಚೀಲದೊಳಗೆ ಹಿಡಿಯುವಷ್ಟು ಚಿಕ್ಕದಾಗಿ ಮರಳಿದೆ.

ಕಫ ಪರೀಕ್ಷೆಯೂ ಬದಲಾಗಿದೆ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ಬ್ಯಾಕ್ಟೀರಿಯಾ ಇರಬೇಕು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ಮತ್ತು ಗೋವಾದ ಮೋಲ್‌ಬಯೋ ರೂಪಿಸಿದ ಟ್ರೂನ್ಯಾಟ್ ಯಂತ್ರ ಬ್ಯಾಕ್ಟೀರಿಯಾದ ವಂಶವಾಹಿಯ ತುಣುಕನ್ನೇ ಕೋಟಿಗಟ್ಟಲೆ ನಕಲು ಮಾಡಿ ಗುರುತಿಸುತ್ತದೆ. ಅದಕ್ಕಿಂತ ಬಹಳ ಕಡಿಮೆ ಇದ್ದರೂ ಸಾಕು. ಬ್ಯಾಟರಿಯಲ್ಲಿ ನಡೆಯುತ್ತದೆ, ರಿಫಾಂಪಿಸಿನ್‌ಗೆ ಬಗ್ಗದ ತಳಿಯೇ ಎಂಬುದನ್ನೂ ಹೇಳುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿತು.

ಇವೆಲ್ಲವನ್ನೂ ಇಂದಿನ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿಗೆ ತಂದು ನೋಡಿದರೆ ಕೆಲವು ಹೊಸ ಪ್ರಶ್ನೆಗಳು ಏಳುತ್ತವೆ. ತೆಂಗು, ರಾಗಿಯ ಈ ಸೀಮೆಯ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿ 3ರಂದು ಅಡಿಗಲ್ಲು ಬಿತ್ತು, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಇಂಥ ದೊಡ್ಡ ಕಟ್ಟಡದ ಕೆಲಸ ಎಲ್ಲೇ ನಡೆಯಲಿ, ಬೇರೆ ಜಿಲ್ಲೆ, ಬೇರೆ ರಾಜ್ಯಗಳ ಕೂಲಿಯವರು ಬರುತ್ತಾರೆ, ತಗಡಿನ ಶೆಡ್ಡುಗಳಲ್ಲಿ ಒತ್ತೊತ್ತಾಗಿ ಮಲಗುತ್ತಾರೆ, ಕೆಲಸ ಮುಗಿದ ಮೇಲೆ ಮುಂದಿನ ಊರಿಗೆ ಹೊರಡುತ್ತಾರೆ. ಆರು ತಿಂಗಳ ಚಿಕಿತ್ಸೆ ಇಂಥವರ ಜೊತೆ ಪ್ರಯಾಣ ಮಾಡಬೇಕು. 2012ರಿಂದ ಇರುವ ನಿ-ಕ್ಷಯ್ ಎಂಬ ಸರ್ಕಾರಿ ಗಣಕ ದಾಖಲೆಯಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆಯಿದೆ; ಒಂದು ಊರಿನ ಕೇಂದ್ರದಿಂದ ಇನ್ನೊಂದು ಊರಿನ ಕೇಂದ್ರಕ್ಕೆ ವರ್ಗಾಯಿಸಬಹುದು. ವ್ಯವಸ್ಥೆ ಕಾಗದದ ಮೇಲೆ ಚೆನ್ನಾಗಿದೆ. ಮತದಾರರ ಪಟ್ಟಿಯಲ್ಲೂ ಪಡಿತರ ಪಟ್ಟಿಯಲ್ಲೂ ಇಲ್ಲದ ಕೂಲಿಯವನನ್ನು ತನ್ನ ಊರಿನವನೆಂದು ಪಂಚಾಯಿತಿ ಎಣಿಸುತ್ತದೆಯೇ ಎಂಬುದರ ಮೇಲೆ ಅದು ನಡೆಯುವುದು ನಿಂತಿದೆ.

ಪಂಚಾಯಿತಿಯ ಮಾತು ಏಕೆಂದರೆ, 2023ರ ಮಾರ್ಚ್ 24ರಂದು ಶುರುವಾದ ಕ್ಷಯಮುಕ್ತ ಪಂಚಾಯಿತಿ ಯೋಜನೆ ಈ ಕೆಲಸವನ್ನು ಗ್ರಾಮ ಪಂಚಾಯಿತಿಯ ಮಟ್ಟಕ್ಕೆ ಇಳಿಸಿದೆ. ಅದರ ಮಾನದಂಡಗಳಲ್ಲಿ ಎರಡನ್ನು ಗಮನಿಸಬೇಕು. ವರ್ಷಕ್ಕೆ ಸಾವಿರ ಜನಸಂಖ್ಯೆಗೆ ಕನಿಷ್ಠ 30 ಸಂಶಯಿತರನ್ನು ಪರೀಕ್ಷಿಸಿರಬೇಕು. ಪತ್ತೆಯಾದ ರೋಗಿಗಳು ಸಾವಿರಕ್ಕೆ 1ನ್ನು ಮೀರಿರಬಾರದು. 6,000 ಜನರ ಪಂಚಾಯಿತಿಯಾದರೆ 180 ಜನರ ಪರೀಕ್ಷೆ, 6 ಮಂದಿಗಿಂತ ಹೆಚ್ಚಿಲ್ಲದ ರೋಗಿಗಳು. ಮೊದಲನೆಯದಿಲ್ಲದೆ ಎರಡನೆಯದನ್ನು ಮಾತ್ರ ಇಟ್ಟಿದ್ದರೆ ರೋಗ ಮುಚ್ಚಿಟ್ಟವರಿಗೇ ಬಹುಮಾನ ಸಿಗುತ್ತಿತ್ತು. ಆ ಮಟ್ಟಿಗೆ ಇದನ್ನು ಯೋಚಿಸಿದವರನ್ನು ಮೆಚ್ಚಬೇಕು. ಆದರೂ ನನಗೊಂದು ಅಳುಕಿದೆ. ಕೆಮ್ಮೇ ಇಲ್ಲದ 180 ಜನರಿಂದ ಎಂಜಲು ತುಂಬಿದ ಡಬ್ಬಿ ಸಂಗ್ರಹಿಸಿ ಗುರಿ ಮುಟ್ಟಿಸುವುದು ಕಷ್ಟವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ಪುಸ್ತಕದಲ್ಲಿ ಎರಡು ವಾರಕ್ಕಿಂತ ಹೆಚ್ಚು ಕೆಮ್ಮೆಂದು ಬಂದವರಲ್ಲಿ ಎಷ್ಟು ಜನರ ಕಫ ಮೊದಲ ಭೇಟಿಯಲ್ಲೇ ಪರೀಕ್ಷೆಗೆ ಹೋಯಿತು ಎಂಬ ಲೆಕ್ಕವನ್ನೂ ಗ್ರಾಮಸಭೆಯಲ್ಲಿ ಓದಬೇಕು. ಬ್ಯಾನರ್ಜಿ ಮತ್ತು ಆಂಡರ್ಸನ್ ಅವರ ತುಮಕೂರಿನ ಕೆಲಸ ಬೊಟ್ಟು ಮಾಡಿದ್ದು ಅಲ್ಲಿಗೇ. ಖಾಸಗಿ ಕ್ಲಿನಿಕ್‌ಗಳಿಗೂ ಔಷಧಿ ಅಂಗಡಿಗಳಿಗೂ ಅದೇ ಪ್ರಶ್ನೆ ಅನ್ವಯಿಸುತ್ತದೆ. ಈಗಲೂ ಹಲವರ ಮೊದಲ ಭೇಟಿ ಅಲ್ಲೇ, ಅಲ್ಲಿ ಸಿಗುವುದು ಈಗಲೂ ಕೆಮ್ಮಿನ ಸಿರಪ್ಪೇ.

ತಾವಾಗಿ ಬಾರದವರ ಪಟ್ಟಿಯಲ್ಲಿ ಇನ್ನೊಂದು ಗುಂಪಿದೆ: ರೋಗಿಯ ಮನೆಯವರು. ಸೋಂಕು ತಗುಲಿ ಇನ್ನೂ ರೋಗವಾಗದವರಿಗೆ ವಾರಕ್ಕೊಮ್ಮೆಯಂತೆ 12 ವಾರ ಎರಡು ಔಷಧಿ ಕೊಡುವ ಮುನ್ನೆಚ್ಚರಿಕೆ ಚಿಕಿತ್ಸೆಯಿದೆ. ಚೆನ್ನಾಗಿರುವವರಿಗೆ ಮಾತ್ರೆ ನುಂಗೆಂದು ಒಪ್ಪಿಸುವುದು ಸುಲಭವಲ್ಲ. ಮನೆಗೆ ಕ್ಷಯದ ಹೆಸರು ಅಂಟಿದರೆ ಮಗಳ ಮದುವೆ ಕೆಡುತ್ತದೆಂಬ ಭಯ ಇನ್ನೂ ಹೋಗಿಲ್ಲ. ಇಲ್ಲಿ ಮಾತ್ರ ಬಾಗಿಲು ತೆರೆದು ಕಾಯುವುದು ಸಾಲದು, ಅವರ ಮನೆ ಬಾಗಿಲಿಗೆ ಹೋಗಲೇಬೇಕು. ಸಂಜೆ ಹೊತ್ತು, ನೆರೆಯವರ ಕಣ್ಣು ತಪ್ಪಿಸಿ ಹೋಗುವ ಸೂಕ್ಷ್ಮ ತಿಳಿದವರು ಆ ಊರಿನವರೇ ಆಗಿರಬೇಕು.

ಮನೆಯೊಳಗೆ ಹೋದವರು ಅಡುಗೆಮನೆಯನ್ನೂ ನೋಡಬೇಕಾಗುತ್ತದೆ. ಮೈ ಬಡವಾದಷ್ಟೂ ಮಲಗಿದ್ದ ಬ್ಯಾಕ್ಟೀರಿಯಾ ಏಳುವ ಅಪಾಯ ಹೆಚ್ಚು ಎಂಬುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು. ಆಹಾರ ಕೊಟ್ಟರೆ ರೋಗ ತಡೆಯಬಹುದೇ ಎಂಬುದಕ್ಕೆ ಕಟ್ಟುನಿಟ್ಟಾದ ಪುರಾವೆ ಬಂದದ್ದು ಮಾತ್ರ 2023ರಲ್ಲಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮುನ್ನಡೆಸಿದ ಅಧ್ಯಯನ ಅದು, ನಡೆದದ್ದು ಜಾರ್ಖಂಡಿನಲ್ಲಿ. 2,800 ರೋಗಿಗಳಿಗೆ ಆಹಾರದ ಚೀಲ ಕೊಟ್ಟರು. ಅವರ ಮನೆಯ 10,345 ಜನರಲ್ಲಿ ಒಂದು ಗುಂಪಿಗೆ ತಿಂಗಳಿಗೆ ತಲಾ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ತೊಗರಿಬೇಳೆ, ಜೊತೆಗೆ ಜೀವಸತ್ವದ ಮಾತ್ರೆ ಕೊಟ್ಟರು. ಇನ್ನೊಂದು ಗುಂಪಿಗೆ ಕೊಡಲಿಲ್ಲ. ಆಹಾರ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು 39% ಕಡಿಮೆಯಾಯಿತು. ಅಕ್ಕಿ ಬೇಳೆಗೆ ಲಸಿಕೆಯಂಥ ಪರಿಣಾಮ! ಸರ್ಕಾರ 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಮನೆಯವರ ಪಾಲಿನ ಬೇಳೆ ಇನ್ನೂ ಹೆಚ್ಚಿನಂಶ ದಾನಿಗಳ ಮನಸ್ಸಿಗೆ ಬಿಟ್ಟದ್ದು. ಪಡಿತರದಲ್ಲಿ ಅಕ್ಕಿಯಿದೆ, ರಾಗಿ ಊರಲ್ಲೇ ಬೆಳೆಯುತ್ತದೆ, ಬಡವರ ತಟ್ಟೆಯಲ್ಲಿ ಕಡಿಮೆ ಬೀಳುವುದು ಕಾಳು, ಬೇಳೆ, ಮೊಟ್ಟೆ, ಹಾಲು. ಪಂಚಾಯಿತಿ ತನ್ನ ಕೈಲಾದ ಹಣವನ್ನು ಪೋಸ್ಟರಿಗೂ ಜಾಥಾಗೂ ಸುರಿಯುವ ಬದಲು ಇಲ್ಲಿ ಹಾಕಲಿ ಎಂಬುದು ನನ್ನ ಬೇಡಿಕೆ.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶಕ್ಕೆ ಹಣವೇ ಬೇಡ. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದ ರೋಗಿಗಳಲ್ಲಿ ಸಾವಿನ ಅಪಾಯ 61% ಕಡಿಮೆ ಇತ್ತು. 40 ಕೆ.ಜಿ. ತೂಗುವವರಿಗೆ ಅದು 2 ಕೆ.ಜಿ. ಆಗುತ್ತದೆ. ತೂಕದ ಯಂತ್ರ ಸಾಮಾನ್ಯವಾಗಿ ಉಪಕೇಂದ್ರಗಳಲ್ಲೂ, ಅಂಗನವಾಡಿಗಳಲ್ಲೂ ಇರುತ್ತದೆ. ಮಾತ್ರೆ ಶುರುವಾದ ದಿನ ಒಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ನಿಲ್ಲಿಸಿ ನೋಡಿ ಚೀಟಿಯಲ್ಲಿ ಬರೆದರೆ, ಎರಡನೇ ತಿಂಗಳಿಗೂ ಮುಳ್ಳು ಮೇಲೇರದ ರೋಗಿ ಯಾರೆಂದು ಆಶಾ ಕಾರ್ಯಕರ್ತೆಗೆ ವೈದ್ಯರಿಗಿಂತ ಮೊದಲೇ ತಿಳಿಯುತ್ತದೆ. ಊಟ ಸಾಲುತ್ತಿಲ್ಲವೋ, ಸಕ್ಕರೆ ಕಾಯಿಲೆಯಿದೆಯೋ, ಔಷಧಿಗೆ ಬಗ್ಗದ ತಳಿಯೋ ಎಂದು ನೋಡಲು ಗುಬ್ಬಿಯ ಆಸ್ಪತ್ರೆಗೆ ಆ ವಾರವೇ ಕಳಿಸಬಹುದು.